ಇಲಿಯ ಕೊಕ್ಕೆ, ಹೆಗ್ಗಣದ ಮೊಂಡುತಲೆ

ಕಳೆದ ಸಂಚಿಕೆಯಲ್ಲಿ ಮಕ್ಕಳಿಗೆ ಎಂಥ ಸೂಕ್ಷ್ಮದರ್ಶಕ ಕೊಡಿಸಬೇಕು ಎಂದು ಬರೆಯುತ್ತ, ‘ಇಲಿಯ ವೀರ್ಯಾಣುವಿನ ತಲೆ ಕುಡುಗೋಲಿನಂತೆ ಬಾಗಿರುತ್ತದೆ, ನೋಡಲು ಬಲು ಸೊಗಸು’ ಎಂದು ಒಂದು ಸಾಲು ಸೇರಿಸಿದ್ದೆ. ಸೂಕ್ಷ್ಮದರ್ಶಕದ ಬಗ್ಗೆ ಒಬ್ಬರೂ ಕೇಳಲಿಲ್ಲ. ಆ ಒಂದು ಸಾಲಿಗೆ ಹನ್ನೊಂದು ಪತ್ರಗಳು ಬಂದಿವೆ. ಐದನ್ನು ಆರಿಸಿಕೊಂಡಿದ್ದೇನೆ. ಹೆಗ್ಗಣದ ಪತ್ರವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಅದಕ್ಕೆ ಉತ್ತರಿಸುವಾಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಂಥ ಕೆಲಸಕ್ಕೆ ಯಾರೂ ಅವಸರ ಮಾಡುವುದಿಲ್ಲ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ವೀರ್ಯಾಣುವಿನ ಮಾತು ಬೇಕಿತ್ತೇ?
— ನಿವೃತ್ತ ಮುಖ್ಯೋಪಾಧ್ಯಾಯರು, ತುಮಕೂರು

ತಾವೂ ಮೇಷ್ಟ್ರು, ನಾನೂ ಮೇಷ್ಟ್ರು. ಹೂವಿನ ಪರಾಗದ ಪಾಠ ಮಾಡುವಾಗ ತಮಗೆ ಮುಜುಗರವಾಗಿರಲಾರದು. ಇದೂ ಅದರ ಸೋದರಸಂಬಂಧಿಯೇ. ನಾನು ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದೆ. ಈ ಅಧ್ಯಾಯ ಬಂದಾಗ ತರಗತಿಯ ಅರ್ಧಜನ ಮೇಜು ನೋಡುತ್ತಿದ್ದರು, ಉಳಿದರ್ಧ ಕಿಟಕಿ ನೋಡುತ್ತಿದ್ದರು. ಅಂದು ಯಾರೂ ಕೇಳದೆ ಉಳಿಸಿಕೊಂಡ ಪ್ರಶ್ನೆಗಳೇ ಈಗ ಅಂಚೆಯಲ್ಲಿ ಬರುತ್ತಿವೆ ಎಂದು ನನ್ನ ಅನುಮಾನ.

ಪಠ್ಯಪುಸ್ತಕದ ಚಿತ್ರದಲ್ಲಿ ವೀರ್ಯಾಣುವಿನ ತಲೆ ಮೊಟ್ಟೆಯ ಆಕಾರದಲ್ಲಿದೆ. ನಮ್ಮ ಪ್ರಯೋಗಾಲಯದ ಹಳೆಯ ಸ್ಲೈಡಿನಲ್ಲಿ ಕೊಕ್ಕೆಯಂತೆ ಕಾಣಿಸಿತು. ಸ್ಲೈಡು ಕೆಟ್ಟಿದೆಯೇ? ಇಲ್ಲವಾದರೆ ಆ ಕೊಕ್ಕೆ ಬರುವುದು ಹೇಗೆ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಶಿರಸಿ

ಸ್ಲೈಡು ಚೆನ್ನಾಗಿಯೇ ಇದೆ ಮಗು. ಪುಸ್ತಕದ ಚಿತ್ರ ಮನುಷ್ಯನದು, ನೀನು ನೋಡಿದ್ದು ಇಲಿಯದು. ಬಿಳಿ ಇಲಿಯದಾದರೆ ತಲೆ ತೆಳ್ಳಗೆ, ಉದ್ದಕ್ಕೆ, ಹುಲ್ಲು ಕೊಯ್ಯುವ ಕುಡುಗೋಲಿನಂತೆ ಇರುತ್ತದೆ. ಚಿಟ್ಟಿಲಿಯದಾದರೆ ಗಿಡ್ಡ, ಅಗಲ. ಕೊಡಲಿಯ ಮೂತಿಗೆ ಒಂದು ಕೊಕ್ಕು ಇಟ್ಟಂತೆ. ಗಿನಿಪಿಗ್‌ನದು ಚಪ್ಪಟೆ ಚಮಚ. ಎಲ್ಲವೂ ದಂಶಕಗಳೇ, ಬಾಚಿಹಲ್ಲಿನಿಂದ ಕಡಿಯುವ ಒಂದೇ ಗಣದವು. ಆದರೂ ತಲೆಗಳು ಬೇರೆ ಬೇರೆ.

ಶುರುವಿನಲ್ಲಿ ಮಾತ್ರ ಎಲ್ಲವೂ ಒಂದೇ ತರಹ ಗುಂಡಗಿರುತ್ತವೆ. ವೃಷಣದ ಒಳಗೆ ನೂಲಿನ ಉಂಡೆಯಂತೆ ಸುತ್ತಿಕೊಂಡ ನಾಳಿಕೆಗಳಿವೆಯಲ್ಲ, ಅವುಗಳ ಗೋಡೆಯಲ್ಲಿ ತಾಯಿಕೋಶಗಳು ವಿಭಜನೆಯಾಗುತ್ತ ಬಂದು, ಕೊನೆಗೆ ಅರ್ಧದಷ್ಟು ವರ್ಣತಂತುಗಳನ್ನು ಹೊತ್ತ ಪುಟ್ಟ ಗುಂಡು ಕೋಶಗಳಾಗುತ್ತವೆ. ಇದೇ ಸ್ಪರ್ಮಾಟಿಡ್. ಇಲ್ಲಿಂದ ಮುಂದೆ ವಿಭಜನೆ ಇಲ್ಲ, ರೂಪಾಂತರವಷ್ಟೇ. ಗೊದಮೊಟ್ಟೆ ಕಪ್ಪೆಯಾಗುವುದನ್ನು ನೀನು ಬಾವಿಕಟ್ಟೆಯ ಬಳಿ ನೋಡಿರುತ್ತೀಯೆ. ಅದಕ್ಕೆ ಕಡಿಮೆಯಿಲ್ಲದ ವೇಷಬದಲು ಇಲ್ಲಿ ಒಂದೇ ಕೋಶದಲ್ಲಿ ನಡೆಯುತ್ತದೆ.

ಮೊದಲ ಕೆಲಸ ಟೋಪಿಯದು. ‘ಕೂಸು ಹುಟ್ಟುವ ಮುನ್ನ ಕುಲಾವಿ’ ಎನ್ನುತ್ತೇವೆ. ವೀರ್ಯಾಣುವಿನ ಮಟ್ಟಿಗೆ ಅದು ಗಾದೆಯಲ್ಲ, ಕ್ರಮ. ತಲೆಗೆ ಇನ್ನೂ ತಲೆಯ ಆಕಾರವೇ ಬಂದಿರುವುದಿಲ್ಲ, ಆಗಲೇ ಗಾಲ್ಗಿ ಎಂಬ ಕೋಶಾಂಗ ಸಣ್ಣ ಸಣ್ಣ ಗುಳ್ಳೆಗಳನ್ನು ಕಳಿಸುತ್ತದೆ. ಅವು ಒಂದಾಗಿ ನ್ಯೂಕ್ಲಿಯಸ್ಸಿನ ಮೇಲೆ ಕೂತು, ಹರಡಿಕೊಂಡು, ಕುಲಾವಿಯಂತೆ ಅದನ್ನು ಮುಚ್ಚುತ್ತವೆ. ಇದು ಅಕ್ರೋಸೋಮ್. ಮುಂದೆ ಅಂಡಾಣುವಿನ ಹೊದಿಕೆಯನ್ನು ದಾಟಲು ಬೇಕಾದ ಕಿಣ್ವಗಳೆಲ್ಲ ಇದರೊಳಗೆ. ಇದನ್ನು ಕಣ್ಣಿಗೆ ಕಾಣಿಸುವಂತೆ ಮಾಡುವುದು ಶಿಫ್ ವಿಧಾನದ ಬಣ್ಣ. ಹಾಕಿದರೆ ಅಕ್ರೋಸೋಮ್ ಮಾತ್ರ ಬಸಳೆ ಹಣ್ಣು ಹಿಚುಕಿದ ರಸದ ಬಣ್ಣಕ್ಕೆ ತಿರುಗುತ್ತದೆ, ಉಳಿದದ್ದು ಮಸುಕು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಲೆಬ್ಲಾಂಡ್ ಮತ್ತು ಕ್ಲೆರ್ಮಾಂಟ್ ಎಂಬಿಬ್ಬರು 1952ರಲ್ಲಿ ಈ ಬಣ್ಣದ ಟೋಪಿ ಹೇಗೆ ಬೆಳೆಯುತ್ತದೆ ಎಂಬುದನ್ನೇ ಅಳತೆಗೋಲು ಮಾಡಿಕೊಂಡರು. ಇಲಿಯಲ್ಲಿ ಗುಂಡು ಕೋಶ ಪೂರ್ಣ ವೀರ್ಯಾಣುವಾಗುವ ಹಾದಿಯನ್ನು 19 ಮೆಟ್ಟಿಲುಗಳಾಗಿ ಗುರುತಿಸಿದರು. ಚಿಟ್ಟಿಲಿಯಲ್ಲಿ ಇದೇ ಲೆಕ್ಕ 16 ಮೆಟ್ಟಿಲು. ನಾನು ಎಂ.ಎಸ್ಸಿ. ಓದುವಾಗ ಆ 19 ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದೆ. ಕೋಣೆಯ ಸಂಗಾತಿ ಅವನ್ನು ಹಾಗಲಕಾಯಿ ಬೀಜದ ತಳಿಗಳು ಎಂದುಕೊಂಡಿದ್ದ.

ಇನ್ನು ನಿನ್ನ ಕೊಕ್ಕೆ. ಟೋಪಿ ಕೂತ ಮೇಲೆ ನ್ಯೂಕ್ಲಿಯಸ್ಸಿನ ಸೊಂಟಕ್ಕೆ ಒಂದು ಉಂಗುರ ಮೂಡುತ್ತದೆ. ಆ ಉಂಗುರದಿಂದ ಸೂಕ್ಷ್ಮನಾಳಿಕೆಗಳು, ಅಂದರೆ ಕೋಶದೊಳಗಿನ ಪ್ರೋಟೀನಿನ ಕಿರುಗೊಳವೆಗಳು, ಲಂಗದ ನೆರಿಗೆಯಂತೆ ಹಿಂದಕ್ಕೆ ಇಳಿಬೀಳುತ್ತವೆ. ಇದಕ್ಕೆ ಮ್ಯಾಂಚೆಟ್ ಎಂದು ಹೆಸರು. ಅಂಗಿಯ ತೋಳಿನ ಪಟ್ಟಿಗೆ ಫ್ರೆಂಚರು ಹೇಳುವ ಮಾತು. ಬಳೆಗಾರ ಬಳೆ ತೊಡಿಸುವುದನ್ನು ಜಾತ್ರೆಯಲ್ಲಿ ನೋಡಿದ್ದೀಯಾ? ಬಳೆ ಸರಿಯುತ್ತ ಹೋದಂತೆ ಕೈಯನ್ನು ಒತ್ತಿ ಒತ್ತಿ ಸಣ್ಣದು ಮಾಡುತ್ತಾನೆ. ಇಲ್ಲಿಯೂ ಉಂಗುರ ಬಿಗಿಯಾಗುತ್ತ ಬಾಲದ ಕಡೆಗೆ ಸರಿಯುತ್ತದೆ, ಗುಂಡಗಿದ್ದ ನ್ಯೂಕ್ಲಿಯಸ್ ಉದ್ದವಾಗುತ್ತದೆ. ಇದೇ ಹೊತ್ತಿಗೆ ತಲೆಯ ಮುಂಭಾಗ ಸರ್ಟೋಲಿ ಕೋಶ ಎಂಬ ಪೋಷಕ ಕೋಶದ ಮಡಿಲಲ್ಲಿ ಹುದುಗಿರುತ್ತದೆ. ಅಲ್ಲಿಂದಲೂ ಒತ್ತಡ ಬೀಳುತ್ತದೆ. ಇಲಿ ಮತ್ತು ಚಿಟ್ಟಿಲಿಯಲ್ಲಿ ಟೋಪಿ ಎಲ್ಲ ಕಡೆಗೂ ಸಮನಾಗಿ ಇಳಿಯುವುದಿಲ್ಲ, ಬೆನ್ನಿನ ಕಡೆಗೆ ಹೆಚ್ಚು ಚಾಚಿಕೊಳ್ಳುತ್ತದೆ. ಹೀಗೆ ಎಳೆತ ಒಂದು ಕಡೆಗೆ ಜಾಸ್ತಿಯಾಗಿ ತಲೆ ಬಾಗುತ್ತದೆ. ಬಾಗಿದ ತುದಿಯ ಒಳಗೆ, ನ್ಯೂಕ್ಲಿಯಸ್ಸಿಗೂ ಟೋಪಿಗೂ ನಡುವೆ, ಪರ್ಫೊರೇಟೋರಿಯಂ ಎಂಬ ಗಟ್ಟಿ ಮೊನೆ ಕೂರುತ್ತದೆ. ಅಷ್ಟರಲ್ಲಿ ಡಿಎನ್ಎಯನ್ನು ಸುತ್ತಿಟ್ಟಿದ್ದ ಹಿಸ್ಟೋನು ಎಂಬ ಪ್ರೋಟೀನುಗಳು ಜಾಗ ಬಿಟ್ಟು ಪ್ರೋಟಮಿನ್ ಎಂಬ ಬೇರೆ ಪ್ರೋಟೀನುಗಳು ಬಂದಿರುತ್ತವೆ. ಸರಕು ಕುಗ್ಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಆ ಆಕಾರ ಬದಲಾಗುವುದಿಲ್ಲ.

ಮ್ಯಾಂಚೆಟ್‌ನ ಕೈವಾಡ ಇದರಲ್ಲಿ ಎಷ್ಟಿದೆ ಎಂಬುದಕ್ಕೆ ಸಾಕ್ಷಿ ಒಂದು ತಳಿಯ ಚಿಟ್ಟಿಲಿ. ಅದರಲ್ಲಿ ‘ಹುಕ್1’ ಎಂಬ ಜೀನು ಕೆಟ್ಟಿರುತ್ತದೆ, ಮ್ಯಾಂಚೆಟ್ ಸರಿಯಾದ ಜಾಗದಲ್ಲಿ ಕೂರುವುದಿಲ್ಲ, ತಲೆ ವಿಕಾರವಾಗುತ್ತದೆ. ಹುಕ್ ಎಂದರೆ ಕೊಕ್ಕೆ ತಾನೆ, ಹೆಸರು ಇಲ್ಲಿಂದಲೇ ಬಂತು ಎಂದುಕೊಳ್ಳಬೇಡ. ಹಣ್ಣಿನ ನೊಣದಲ್ಲಿ ಇದರ ನೆಂಟ ಜೀನು ಕೆಟ್ಟಾಗ ಮೈಮೇಲಿನ ಬಿರುಗೂದಲು ಕೊಕ್ಕೆಯಂತೆ ಬಾಗಿದ್ದನ್ನು ಕಂಡು ಇಟ್ಟ ಹೆಸರು ಅದು. ಕಾಕತಾಳೀಯ ಎನ್ನುವುದು ಇದಕ್ಕೇ.

ಬಾಲದ ವಿಷಯ ಪರೀಕ್ಷೆಗೆ ನೀನು ಓದಿಯೇ ಇರುತ್ತೀಯೆ. ಪುಸ್ತಕದಲ್ಲಿ ಇಲ್ಲದ ಒಂದನ್ನು ಹೇಳುತ್ತೇನೆ. ಬಾಲವನ್ನು ಕಟ್ಟಲು ಆರಂಭಿಸುವುದು ಸೆಂಟ್ರಿಯೋಲ್ ಎಂಬ ಪುಟ್ಟ ಕೋಶಾಂಗ. ಮನುಷ್ಯನ ವೀರ್ಯಾಣುವಿನಲ್ಲಿ ಅದು ಉಳಿದು ಅಂಡಾಣುವಿನ ಒಳಕ್ಕೂ ಹೋಗುತ್ತದೆ. ಇಲಿ ಮತ್ತು ಚಿಟ್ಟಿಲಿಯಲ್ಲಿ ಬಾಲ ಸಿದ್ಧವಾದ ಮೇಲೆ ಸೆಂಟ್ರಿಯೋಲ್‌ಗಳು ಕರಗಿಹೋಗುತ್ತವೆ. ಮನೆ ಕಟ್ಟಿದ ಮೇಸ್ತ್ರಿಗೆ ಗೃಹಪ್ರವೇಶದ ಊಟವಿಲ್ಲ.

ಇಷ್ಟೆಲ್ಲ ಆಗಲು ಎಷ್ಟು ದಿನ ಬೇಕು? ಎಲ್ಲ ಇಲಿಗಳಿಗೂ ಒಂದೇ ಲೆಕ್ಕವೇ?
— ಪ್ರಯೋಗಾಲಯ ತಂತ್ರಜ್ಞ, ಹುಬ್ಬಳ್ಳಿ

ಅಲ್ಲ. ತಾಯಿಕೋಶದಿಂದ ವೀರ್ಯಾಣುವಿನವರೆಗೆ ಚಿಟ್ಟಿಲಿಗೆ ಸುಮಾರು 35 ದಿನ, ಇಲಿಗೆ ಸುಮಾರು 52 ದಿನ. ಆಮೇಲೂ ಈಜು ಬರುವುದಿಲ್ಲ. ವೃಷಣಕ್ಕೆ ಅಂಟಿಕೊಂಡ ಎಪಿಡಿಡಿಮಿಸ್ ನಾಳದಲ್ಲಿ ಇನ್ನೂ ಒಂದು ವಾರಕ್ಕೂ ಮೇಲ್ಪಟ್ಟು ಹದಗೊಳ್ಳಬೇಕು.

ಈ ಗಡಿಯಾರ ಯಾರ ಕೈಯಲ್ಲಿದೆ ಎಂಬುದು ಇನ್ನೂ ರುಚಿಯಾದ ಪ್ರಶ್ನೆ. ತಾಯಿಕೋಶದ ಒಳಗಿದೆಯೋ, ಅದನ್ನು ಸಾಕುವ ಸರ್ಟೋಲಿ ಕೋಶದಲ್ಲಿದೆಯೋ? ಅಮೆರಿಕದಲ್ಲಿ ರಾಲ್ಫ್ ಬ್ರಿನ್ಸ್ಟರ್ ಮತ್ತು ಸಂಗಡಿಗರು 1996ರಲ್ಲಿ ಇಲಿಯ ತಾಯಿಕೋಶಗಳನ್ನು ತೆಗೆದು ಚಿಟ್ಟಿಲಿಯ ವೃಷಣದಲ್ಲಿ ನೆಟ್ಟರು. ಕಾಗೆಯ ಗೂಡಿನಲ್ಲಿ ಕೋಗಿಲೆಯ ಮೊಟ್ಟೆ. ಹುಟ್ಟಿದವು ಇಲಿಯ ವೀರ್ಯಾಣುಗಳೇ, ಅದೇ ಉದ್ದನೆಯ ಕುಡುಗೋಲು ತಲೆ. ಎರಡು ವರ್ಷದ ನಂತರ ವೇಗವನ್ನೂ ಅಳೆದರು. ನಾಳಿಕೆಯ ಒಂದು ಜಾಗದಲ್ಲಿ ಕಂಡ ಹಂತವೇ ಮತ್ತೆ ಅಲ್ಲಿ ಕಾಣಿಸಲು, ಅಂದರೆ ಒಂದು ಸುತ್ತು ಮುಗಿಯಲು, ಚಿಟ್ಟಿಲಿಗೆ 8.6 ದಿನ, ಇಲಿಗೆ 12.9 ದಿನ. ಚಿಟ್ಟಿಲಿಯ ಮನೆಯಲ್ಲಿದ್ದುಕೊಂಡು ಚಿಟ್ಟಿಲಿಯ ಸರ್ಟೋಲಿ ಕೋಶದ ಊಟ ಉಂಡರೂ ಇಲಿಯ ಕೋಶಗಳು ತಮ್ಮ 12.9 ದಿನವನ್ನು ಬಿಟ್ಟುಕೊಡಲಿಲ್ಲ. ಸಾಕಿದವರ ಅವಸರ ಅವಕ್ಕೆ ತಟ್ಟಲೇ ಇಲ್ಲ. ಈ ಒಂದು ಪ್ರಯೋಗಕ್ಕೆ ನನ್ನ ಕೈಯಲ್ಲಿದ್ದರೆ ಎರಡು ಬಹುಮಾನ ಕೊಡುತ್ತಿದ್ದೆ.

ಚಿಟ್ಟಿಲಿಯ ವೀರ್ಯಾಣು ಮನುಷ್ಯನದಕ್ಕಿಂತ ಉದ್ದ ಎಂದು ಮೊಮ್ಮಗಳು ವಾದಿಸುತ್ತಾಳೆ. ನಾನು ನಂಬಲಿಲ್ಲ. ಪಂದ್ಯ ಕಟ್ಟಿದ್ದೇವೆ.
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಪಂದ್ಯದ ಹಣ ಕೊಟ್ಟುಬಿಡಿ. ಮನುಷ್ಯನದು ಸುಮಾರು 60 ಮೈಕ್ರೋಮೀಟರ್, ಚಿಟ್ಟಿಲಿಯದು ಅದರ ಎರಡರಷ್ಟು, ಇಲಿಯದು ಮೂರರಷ್ಟು. ಚೀನೀ ಹ್ಯಾಮ್‌ಸ್ಟರ್ ಎಂಬ ಹಿಡಿಗಾತ್ರದ ಪ್ರಾಣಿಯದು ಸುಮಾರು 250. ಸಾಲಾಗಿ ಇಟ್ಟರೆ ನಾಲ್ಕೈದು ಸೇರಿ ಒಂದು ರಾಗಿ ಕಾಳಿನ ಅಡ್ಡಳತೆ ಆಗುತ್ತದೆ. ಮೈಯ ಗಾತ್ರಕ್ಕೂ ಇದಕ್ಕೂ ನೇರ ಲೆಕ್ಕವಿಲ್ಲ.

ಲೆಕ್ಕವಿರುವುದು ಪೈಪೋಟಿಗೆ. ಹೆಣ್ಣು ಒಂದೇ ಬೆದೆಯಲ್ಲಿ ಹಲವು ಗಂಡುಗಳೊಡನೆ ಕೂಡಿದರೆ, ಗಂಡುಗಳ ಜಗಳ ಅವುಗಳ ವೀರ್ಯಾಣುಗಳಿಗೂ ವರ್ಗಾವಣೆಯಾಗುತ್ತದೆ. ಜೆಫ್ರಿ ಪಾರ್ಕರ್ 1970ರಲ್ಲಿ ಕೀಟಗಳ ಬಗ್ಗೆ ಹೇಳಿದ ಮಾತಿದು. ಅಂಥ ಪ್ರಾಣಿಗಳಿಗೆ ಮೈಗೆ ಮೀರಿದ ವೃಷಣಗಳಿರುತ್ತವೆ. ಇಲಿ ಬಳಗದಲ್ಲಿ ಹಲವು ಪ್ರಭೇದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ವೃಷಣ ದೊಡ್ಡದಾದಷ್ಟೂ ಕೊಕ್ಕೆ ಹೆಚ್ಚು ಉದ್ದ, ಹೆಚ್ಚು ಬಾಗು.

ಯುರೋಪಿನ ಕಾಡಿಲಿ ಅಪೊಡೆಮಸ್ ಆ ಕೊಕ್ಕೆಯಿಂದ ಏನು ಮಾಡುತ್ತದೆ ಎಂಬುದನ್ನು ಷೆಫೀಲ್ಡಿನ ಹ್ಯಾರಿ ಮೂರ್ ಮತ್ತು ಜೊತೆಗಾರರು 2002ರಲ್ಲಿ ತೋರಿಸಿದರು. ವೀರ್ಯಾಣುಗಳು ಕೊಕ್ಕೆಗೆ ಕೊಕ್ಕೆ, ಕೊಕ್ಕೆಗೆ ಬಾಲ ಸಿಕ್ಕಿಸಿಕೊಂಡು ನೂರಾರು, ಕೆಲವೊಮ್ಮೆ ಸಾವಿರಾರು ಸೇರಿ ರೈಲು ಕಟ್ಟುತ್ತವೆ. ರೈಲು ಒಂಟಿ ವೀರ್ಯಾಣುವಿಗಿಂತ ಜೋರಾಗಿ ಓಡುತ್ತದೆ. ನಿಲ್ದಾಣ ಬಂದಾಗ ಇಳಿಯುವುದು ಹೇಗೆ? ರೈಲಿನಲ್ಲಿರುವ ಬಹಳಷ್ಟು ವೀರ್ಯಾಣುಗಳು ಅಂಡಾಣು ಸಿಗುವ ಮೊದಲೇ ತಮ್ಮ ಟೋಪಿ ಒಡೆದುಕೊಳ್ಳುತ್ತವೆ. ಆ ಕಿಣ್ವಗಳಿಂದ ಬೆಸುಗೆ ಬಿಡುತ್ತದೆ. ಟೋಪಿ ಕಳೆದುಕೊಂಡವು ಇನ್ನು ಅಂಡಾಣುವಿನೊಳಕ್ಕೆ ಹೋಗಲಾರವು. ಉಳಿದವು ಮುಂದೆ ಹೋಗುತ್ತವೆ. ಅಮೆರಿಕದ ಜಿಂಕೆ-ಇಲಿಯಲ್ಲಿ ಹೇಳಿಕೊಳ್ಳುವಂಥ ಕೊಕ್ಕೆಯಿಲ್ಲ, ಆದರೂ ಗುಂಪು ಕಟ್ಟುತ್ತವೆ. ಎರಡು ಗಂಡುಗಳ ವೀರ್ಯಾಣುಗಳನ್ನು ಬೆರೆಸಿ ಬಿಟ್ಟರೆ ತನ್ನವನ್ನು ಹುಡುಕಿಕೊಂಡು ಸೇರುತ್ತವೆ. ಅದೇ ಕುಲದಲ್ಲಿ ಏಕಪತ್ನೀವ್ರತದ ಇನ್ನೊಂದು ಇಲಿಯಿದೆ. ಅದರ ವೀರ್ಯಾಣುಗಳಿಗೆ ತನ್ನವ, ಪರರವ ಎಂಬ ಭೇದವಿಲ್ಲ. ಹಾರ್ವರ್ಡ್‌ನ ಹೈಡಿ ಫಿಶರ್ ಮತ್ತು ಹೋಪಿ ಹೂಕ್‌ಸ್ಟ್ರಾ 2010ರಲ್ಲಿ ಪ್ರಕಟಿಸಿದ್ದು ಇದು.

ಪೈಪೋಟಿ ಇಲ್ಲದ ಕಡೆ ಶಿಸ್ತೂ ಸಡಿಲ. ಆಸ್ಟ್ರೇಲಿಯಾದಲ್ಲಿ ಶಿಸ್ತು, ಸಡಿಲ ಎರಡನ್ನೂ ಅಕ್ಕಪಕ್ಕ ನೋಡಬಹುದು. ಅಲ್ಲಿನ ಬಯಲು ಇಲಿಯ ವೀರ್ಯಾಣುವಿಗೆ ಒಂದಲ್ಲ, ಮೂರು ಕೊಕ್ಕೆ. ಮೊದಲನೆಯದು ನಮ್ಮ ಇಲಿಯಂತೆಯೇ. ತಲೆ ಬಾಗಿದ ಒಳಮಗ್ಗುಲಿನಿಂದ ಇನ್ನೆರಡು ಚಾಚುಗಳು ಹೊರಡುತ್ತವೆ. ಅವುಗಳೊಳಗೆ ಇರುವುದು ಹೆಚ್ಚಾಗಿ ಆಕ್ಟಿನ್, ನಮ್ಮ ಸ್ನಾಯುವಿನಲ್ಲಿರುವ ಪ್ರೋಟೀನು. ಅದೇ ನಾಡಿನ ಮರಳುಗಾಡಿನಲ್ಲಿ, ಅದೇ ಬಳಗದ ಕುಪ್ಪಳಿಸುವ ಇಲಿ ನೋಟೋಮಿಸ್ ಅಲೆಕ್ಸಿಸ್ ಇದೆ. ಅದರ ಎರಡೂ ವೃಷಣಗಳನ್ನು ತೂಗಿದರೆ ಮೈತೂಕದ ಶೇ 0.15ರಷ್ಟೂ ಬರುವುದು ಕಷ್ಟ. ತಲೆಗೆ ಕೊಕ್ಕೆಯಿಲ್ಲ, ಒಂದೇ ಗಂಡಿನಲ್ಲಿ ಒಂದರಂತೆ ಇನ್ನೊಂದಿಲ್ಲ. ಆಫ್ರಿಕಾದಲ್ಲಿ ನೆಲದಡಿ ಬಾಳುವ ಬೋಳು ಇಲಿಯದು ಇನ್ನೂ ಕಡೆ. ಅಲ್ಲಿ ಜೇನುಗೂಡಿನಂತೆ ಒಬ್ಬಳು ರಾಣಿ, ಒಂದೆರಡು ಗಂಡು. ತಲೆ ಸೊಟ್ಟ, ಈಜುವವು ಬೆರಳೆಣಿಕೆ. ಹಾಗಿದ್ದೂ ರಾಣಿ ವರ್ಷಕ್ಕೆ ಹಲವು ಸೂಲು ಹೆರುತ್ತಾಳೆ. ಸ್ಪರ್ಧಾತ್ಮಕ ಪರೀಕ್ಷೆ ಇಲ್ಲದ ಹುದ್ದೆ ಎಂದರೆ ಇದು.

ಮನೆಯ ಹಿತ್ತಲಲ್ಲಿ ಬೆಕ್ಕಿನ ಗಾತ್ರದ ಹೆಗ್ಗಣ, ಗದ್ದೆಯ ಬದುವಿನಲ್ಲಿ ಚಿಕ್ಕ ಹೆಗ್ಗಣ. ಚಿಕ್ಕದೇ ಬೆಳೆದು ದೊಡ್ಡದಾಗುತ್ತದೆ ಎನ್ನುತ್ತಾರೆ. ನಿಜವೇ? ಇವುಗಳಿಗೂ ಕೊಕ್ಕೆ ಇದೆಯೇ?
— ಭತ್ತದ ಬೆಳೆಗಾರರು, ಮಂಡ್ಯ

ನಿಜವಲ್ಲ. ದೊಡ್ಡದು ಬ್ಯಾಂಡಿಕೋಟ ಇಂಡಿಕ, ಚಿಕ್ಕದು ಬ್ಯಾಂಡಿಕೋಟ ಬೆಂಗಾಲೆನ್ಸಿಸ್. ನಿಮ್ಮ ಭತ್ತದ ತೆನೆಯನ್ನು ಕತ್ತರಿಸಿ ಬಿಲದಲ್ಲಿ ಕಣಜ ಮಾಡಿಕೊಳ್ಳುವುದು ಚಿಕ್ಕದು. ಕೆಣಕಿದರೆ ಬೆನ್ನಿನ ಉದ್ದ ಕೂದಲು ನಿಮಿರಿಸಿ ಹಂದಿಯಂತೆ ಗುಟುರು ಹಾಕುವುದು ದೊಡ್ಡದು. ಆ ಬ್ಯಾಂಡಿಕೂಟ್ ಎಂಬ ಇಂಗ್ಲಿಷ್ ಹೆಸರು ತೆಲುಗಿನ ಪಂದಿಕೊಕ್ಕು ಎಂಬುದರಿಂದ ಬಂದದ್ದು, ಅರ್ಥ ಹಂದಿ-ಇಲಿ. ಇಬ್ಬರೂ ಒಂದೇ ಕುಲ, ಪ್ರಭೇದ ಬೇರೆ. ಎಷ್ಟು ಬೇರೆ ಎಂಬುದು ವೀರ್ಯಾಣುವಿನ ತಲೆಯಲ್ಲಿ ಕಾಣುವಷ್ಟು ಹೊರಗೆ ಎಲ್ಲಿಯೂ ಕಾಣುವುದಿಲ್ಲ.

ಈಗ ತಪ್ಪೊಪ್ಪಿಗೆ. 1987ರ ಮಾತು. ಮಲೆನಾಡಿನ ಒಂದು ಕಾಲೇಜು. ಆ ವಾರ ಪ್ರಾಯೋಗಿಕ ತರಗತಿಗೆ ಬಿಳಿ ಇಲಿಗಳು ಬರಲಿಲ್ಲ. ನಮ್ಮ ಅಟೆಂಡರ್ ಹಾಸ್ಟೆಲ್ಲಿನ ಉಗ್ರಾಣದಲ್ಲಿ ಬೋನಿಗೆ ಬಿದ್ದ ದೊಡ್ಡ ಹೆಗ್ಗಣವನ್ನು ಗೋಣಿಚೀಲದಲ್ಲಿ ತಂದರು. ಇಲಿಗೆ ಮಾಡುವಂತೆಯೇ ಮಾಡಿದೆವು. ಎಪಿಡಿಡಿಮಿಸ್‌ನ ಬಾಲದ ತುಂಡನ್ನು ಉಗುರುಬೆಚ್ಚಗಿನ ಲವಣದ್ರಾವಣದಲ್ಲಿ ಕತ್ತರಿಸಿ, ಒಂದು ಹನಿ ಗಾಜಿನ ಮೇಲೆ ಇಟ್ಟು ನೋಡಿದೆ. ಇಲಿಯದಾದರೆ ನೀರು ಹಾಲಿನಂತೆ ಕದಡುತ್ತದೆ. ಇಲ್ಲಿ ಕದಡಿದ್ದು ಅಷ್ಟಕ್ಕಷ್ಟೆ. ಮಸೂರದ ಕೆಳಗೆ ಕುಡುಗೋಲು ಒಂದೂ ಇಲ್ಲ. ಗುಂಡು ತಲೆ, ಮೊಂಡು ತಲೆ, ಕೆಲವು ಬುಗುರಿಯ ಹಾಗೆ. ಬಾಲಗಳೂ ಗಿಡ್ಡ. ಇನ್ನೊಂದು ಹನಿ ಹಾಕಿದೆ, ಅದೇ.

ಸತ್ತು ಬಹಳ ಹೊತ್ತಾದ ಪ್ರಾಣಿ, ಕೋಶಗಳು ಊದಿಕೊಂಡಿವೆ ಎಂದು ತೀರ್ಮಾನಿಸಿ, ಕೆಟ್ಟ ಮಾಲು ತಂದಿರೆಂದು ಅಟೆಂಡರ್ ಮೇಲೆ ರೇಗಿದೆ. ಸ್ಲೈಡನ್ನು ತೊಳೆಯುವ ತೊಟ್ಟಿಗೆ ಹಾಕಿದೆ. ಹದಿನೆಂಟು ವಿದ್ಯಾರ್ಥಿಗಳು ನನ್ನ ಮಾತಿನಂತೆ ಗೋಡೆಯ ಪಟ ನೋಡಿ, ಅಚ್ಚುಕಟ್ಟಾದ ಕುಡುಗೋಲು ಬರೆದು, ಕೆಳಗೆ ‘ಹೆಗ್ಗಣದ ವೀರ್ಯಾಣು’ ಎಂದು ಹೆಸರು ಹಾಕಿದರು. ನಾನು ಹಸಿರು ಶಾಯಿಯಲ್ಲಿ ಸಹಿ ಮಾಡಿದೆ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಅಡಿಲೇಡ್ ವಿಶ್ವವಿದ್ಯಾಲಯದ ವಿಲಿಯಂ ಬ್ರೀಡ್ ಮತ್ತು ಥಾಯ್ಲೆಂಡಿನ ಅವರ ಜೊತೆಗಾರರು ಬರೆದ ಲೇಖನ ಕೈಗೆ ಸಿಕ್ಕಿತು. ದೊಡ್ಡ ಹೆಗ್ಗಣದ ವೀರ್ಯಾಣುವಿಗೆ ಕೊಕ್ಕೆಯೇ ಇಲ್ಲ, ತಲೆ ಗುಂಡಗೆ ಅಥವಾ ಶಂಕುವಿನಂತೆ, ಮೇಲೆ ಭಾರಿ ಗಾತ್ರದ ಅಕ್ರೋಸೋಮ್, ಒಂದರಂತೆ ಒಂದಿಲ್ಲ. ವೃಷಣಗಳೂ ಮೈಗೆ ಹೋಲಿಸಿದರೆ ಚಿಕ್ಕವು. ನಾಳಿಕೆಯ ಒಳಗೂ ಇಲಿಯಲ್ಲಿ ಕಾಣುವ ಅಚ್ಚುಕಟ್ಟು ಇಲ್ಲ. ಇಲಿಯ ನಾಳಿಕೆಯನ್ನು ಅಡ್ಡ ಕೊಯ್ದರೆ ಇಡೀ ಸುತ್ತು ಒಂದೇ ಹಂತದಲ್ಲಿರುತ್ತದೆ. ಹೆಗ್ಗಣದಲ್ಲಿ ಒಂದೇ ಕೊಯ್ತದಲ್ಲಿ ಬೇರೆ ಬೇರೆ ಹಂತಗಳು ಬೆರೆತಿರುತ್ತವೆ, ಕೋಶಗಳ ಒಂದೊಂದು ತಲೆಮಾರು ಕೈಬಿಟ್ಟಿರುವುದೂ ಉಂಟು. ಚಿಕ್ಕ ಹೆಗ್ಗಣದಲ್ಲಿ ಮಾತ್ರ ಮಾಮೂಲಿ ಕೊಕ್ಕೆಯೇ. ಗದ್ದೆಯ ಬದುವಿನದಕ್ಕೆ ಕೊಕ್ಕೆ, ಹಿತ್ತಲಿನದಕ್ಕೆ ಮೊಂಡುತಲೆ: ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಲೇಖನದ ಚಿತ್ರಗಳನ್ನು ನೋಡುತ್ತಿದ್ದಂತೆ ನನಗೆ ಆ ತೊಳೆಯುವ ತೊಟ್ಟಿ ನೆನಪಾಯಿತು.

2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಛೇದನ ನಿಲ್ಲಿಸಿದ ಮೇಲೆ ಇಂಥ ಸ್ಲೈಡು ಮತ್ತೆ ಮಾಡುವಂತಿಲ್ಲ, ಮಾಡಬೇಕಾದ್ದೂ ಇಲ್ಲ. ನಿಮ್ಮ ಪತ್ರ ಓದಿದ ಸಂಜೆ ಆ ಅಟೆಂಡರ್ ಅವರಿಗೆ ಫೋನ್ ಮಾಡಿದೆ. ಈಗ ಎಂಬತ್ತರ ಹತ್ತಿರ, ಮಗನ ಮನೆಯಲ್ಲಿದ್ದಾರೆ. ಹೆಗ್ಗಣ ಎನ್ನುತ್ತಿದ್ದಂತೆ ಅವರಿಗೆ ಎಲ್ಲ ನೆನಪಾಯಿತು. “ಬೆಳಿಗ್ಗೆ ಆರು ಗಂಟೆಗೆ ಬೋನಿಗೆ ಬಿದ್ದದ್ದು ಸಾರ್, ಹತ್ತಕ್ಕೆ ನಿಮ್ಮ ಮೇಜಿನ ಮೇಲಿತ್ತು. ಹೆಗ್ಗಣದ್ದು ಹಾಗೆಯೇ ಇರಬಹುದು ಎಂದು ನಾನು ಅಂದೇ ಹೇಳಿದ್ದೆ. ನೀವು ಪಟ ತೋರಿಸಿದಿರಿ” ಎಂದರು.